ತರ, ತಮ, ತಾರತಮ್ಯ

ಕನ್ನಡದಲ್ಲಿ ‘ತಾರತಮ್ಯ’ ಎಂಬ ಪದಕ್ಕೆ ಎರಡು ಮುಖ. ಕೂಲಿಯಲ್ಲಿ ತಾರತಮ್ಯ, ಜಾತಿ ತಾರತಮ್ಯ ಎಂದಾಗ ಅದು ಅನ್ಯಾಯದ ಹೆಸರು. ‘ಇವನಿಗೆ ತಾರತಮ್ಯ ಜ್ಞಾನವೇ ಇಲ್ಲ’ ಎಂದು ಮನೆಯ ಹಿರಿಯರು ಬೈದಾಗ ಅದು ವಿವೇಕದ ಹೆಸರು. ಯಾವುದು ಹೆಚ್ಚು, ಯಾವುದು ಕಡಿಮೆ, ಯಾವುದನ್ನು ಮೊದಲು ಮಾಡಬೇಕು ಎಂದು ತೂಗಿ ನೋಡುವ ಶಕ್ತಿ ಅದು. ಎರಡು ಅರ್ಥಗಳೂ ಹುಟ್ಟಿದ್ದು ವ್ಯಾಕರಣದ ಒಂದೇ ಮನೆಯಲ್ಲಿ. ಎರಡರಲ್ಲಿ ಹೆಚ್ಚಿನದನ್ನು ಹೇಳಲು ‘ತರ’, ಎಲ್ಲದರಲ್ಲಿ ಹೆಚ್ಚಿನದನ್ನು ಹೇಳಲು ‘ತಮ’. ‘ಗುರುತರ ಹೊಣೆ’ಯಲ್ಲಿ ಇರುವುದು ಮೊದಲನೆಯದು, ಶಾಲೆಯಲ್ಲಿ ನಾವೆಲ್ಲ ಲೆಕ್ಕ ಹಾಕಿ ಕಂಡುಹಿಡಿದ ‘ಲಘುತಮ ಸಾಮಾನ್ಯ ಅಪವರ್ತ್ಯ’ದಲ್ಲಿ ಇರುವುದು ಎರಡನೆಯದು. ಈ ಎರಡು ಪ್ರತ್ಯಯಗಳನ್ನು ಸೇರಿಸಿ ಗಂಟು ಹಾಕಿದರೆ ತಾರತಮ್ಯ. ಅಂದರೆ ಪದದ ಹೊಟ್ಟೆಯಲ್ಲಿ ಇರುವುದು ಬರೀ ಹೋಲಿಕೆ. ಅದು ಒಮ್ಮೆ ವಿವೇಕವಾಗುತ್ತದೆ, ಒಮ್ಮೆ ಅನ್ಯಾಯವಾಗುತ್ತದೆ.

ಹೋಲಿಸದೆ ಬದುಕು ಸಾಗುವುದಿಲ್ಲ. ತರಕಾರಿ ಕೊಳ್ಳುವಾಗ, ಕೆಲಸಕ್ಕೆ ಜನ ಆರಿಸುವಾಗ, ಮತ ಹಾಕುವಾಗ ಹೋಲಿಸುತ್ತೇವೆ. ಹಾಗಾದರೆ ಹೋಲಿಕೆ ಎಲ್ಲಿಯವರೆಗೆ ವಿವೇಕ, ಎಲ್ಲಿಂದಾಚೆ ಅನ್ಯಾಯ? ಮನುಷ್ಯರ ನಡುವೆ ಈ ಪ್ರಶ್ನೆ ಎತ್ತಿದರೆ ಸಿಟ್ಟು, ನೋವು, ಲಾಭನಷ್ಟ ಎಲ್ಲವೂ ಒಟ್ಟಿಗೆ ನುಗ್ಗಿಬರುತ್ತವೆ. ಅದಕ್ಕೇ ಹಗಲಿರುಳು ಹೋಲಿಸುತ್ತಲೇ ಇರುವ ಒಂದು ಯಂತ್ರದ ಮೂಲಕ ಇದನ್ನು ಕೇಳಿ ನೋಡುತ್ತೇನೆ. ನನ್ನ ಸಂಶೋಧನೆಯೂ ಅದರ ಸುತ್ತಲೇ ಇದೆ: ಇಂಟರ್ನೆಟ್ಟಿನ ದಾರಿಗಳನ್ನು ರೂಟರ್‌ಗಳು ಹೇಗೆ ಹೋಲಿಸುತ್ತವೆ, ಆ ಹೋಲಿಕೆಯನ್ನು ಇನ್ನೂ ಬೇಗ ಮುಗಿಸುವುದು ಹೇಗೆ.

*

ಸಿರುಗುಪ್ಪ ಮತ್ತು ಕುರುಗೋಡು ಎರಡೂ ಬಳ್ಳಾರಿ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಒಂದು ತುಂಗಭದ್ರೆಯ ಕಡೆಯ ಭತ್ತದ ಊರು, ಇನ್ನೊಂದು ದೊಡ್ಡಬಸವೇಶ್ವರನ ಊರು. ಸಿರುಗುಪ್ಪದ ಒಂದು ಕಂಪ್ಯೂಟರಿನಿಂದ ಕುರುಗೋಡಿನ ಇನ್ನೊಂದು ಕಂಪ್ಯೂಟರಿಗೆ ನಾಲ್ಕು ಸಾಲು ಕಳಿಸಿದರೆ ಅವು ಯಾವ ದಾರಿ ಹಿಡಿದು ಹೋಗುತ್ತವೆ? ಇಬ್ಬರೂ ಒಂದೇ ಕಂಪನಿಯ ಗಿರಾಕಿಗಳಾಗಿದ್ದರೆ ಆ ಕಂಪನಿಯ ಒಳಜಾಲದಲ್ಲೇ ಕೆಲಸ ಮುಗಿಯಬಹುದು. ಬೇರೆ ಬೇರೆ ಕಂಪನಿಯವರಾದರೆ, ಆ ಎರಡು ಕಂಪನಿಗಳು ಎಲ್ಲಿ ಕೂಡುತ್ತವೋ ಅಲ್ಲಿಯವರೆಗೆ ಆ ಸಾಲುಗಳು ಹೋಗಲೇಬೇಕು. ಕೂಡುವ ಜಾಗ ಬಳ್ಳಾರಿಯಲ್ಲಿ ಇರದೆ ಬೆಂಗಳೂರಿನಲ್ಲಿದ್ದರೆ, ಪಕ್ಕದ ತಾಲ್ಲೂಕಿಗೆ ಹೊರಟ ಮಾತು ಸುಮಾರು 300 ಕಿಲೋಮೀಟರ್ ಆಚೆ ಹೋಗಿ, ಮತ್ತೆ ಅಷ್ಟೇ ದೂರ ಹಿಂದಿರುಗಿ ಬರುತ್ತದೆ. ಒಂದು ಕಾಲದಲ್ಲಿ ಇದಕ್ಕಿಂತ ವಿಚಿತ್ರವಿತ್ತು. ಭಾರತದೊಳಗಿನ ಇಬ್ಬರ ಮಾತು ವಿದೇಶಕ್ಕೆ ಹೋಗಿ ಬರುತ್ತಿತ್ತು. ದೇಶದ ಮಾತು ದೇಶದೊಳಗೇ ತಿರುಗಲಿ ಎಂದೇ 2003ರಲ್ಲಿ ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಹುಟ್ಟಿತು.

ಈ ಬಳಸುದಾರಿಯಿಂದ ಆಗುವ ಸಮಯದ ನಷ್ಟ ದೊಡ್ಡದಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೆಚ್ಚುವರಿ 600 ಕಿಲೋಮೀಟರಿಗೆ ಅದು ತೆಗೆದುಕೊಳ್ಳುವುದು 3 ಮಿಲಿಸೆಕೆಂಡ್. ಕಣ್ಣು ಮಿಟುಕಿಸಲು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ನಷ್ಟ ಇರುವುದು ಅವಲಂಬನೆಯಲ್ಲಿ. ರಸ್ತೆ ಅಗಲ ಮಾಡುವ ಜೆಸಿಬಿ ನಡುವೆ ಎಲ್ಲೋ ಕೇಬಲ್ ಕಡಿದರೆ, ಬೇರೆ ದಾರಿ ಇಲ್ಲದಿದ್ದರೆ, ಅಕ್ಕಪಕ್ಕದ ಊರಿನವರು ಒಬ್ಬರಿಗೊಬ್ಬರು ಇಲ್ಲವಾಗುತ್ತಾರೆ. ರೇಷನ್ ಅಂಗಡಿಯ ಮುಂದೆ ಹೆಬ್ಬೆಟ್ಟು ಕೊಡಲು ಸಾಲಿನಲ್ಲಿ ನಿಂತ ಅಜ್ಜಿಗೆ ‘ಸರ್ವರ್ ಇಲ್ಲಮ್ಮಾ, ನಾಳೆ ಬಾ’ ಎನ್ನುತ್ತಾರೆ. ಈ ಮಾತು ಈಗ ನಮ್ಮ ಊರುಗಳಲ್ಲಿ ಗಾದೆಯಷ್ಟು ಬಳಕೆಯಾಗಿದೆ. ಎಷ್ಟೋ ಸಲ ಸರ್ವರ್ ತನ್ನ ಜಾಗದಲ್ಲಿ ಸರಿಯಾಗಿಯೇ ಇರುತ್ತದೆ. ಇಲ್ಲದಿರುವುದು ಅಲ್ಲಿಗೆ ಹೋಗುವ ದಾರಿ. ಆ ಅಜ್ಜಿಗೆ ಅದು ಒಂದು ದಿನದ ಕೂಲಿ.

ಹಾಗಾದರೆ ಈ ದಾರಿಯನ್ನು ಆರಿಸಿದವರು ಯಾರು?

*

ಒಂದು ಕಂಪನಿಯ ಜಾಲದ ಒಳಗಾದರೆ ಉತ್ತರ ಸುಲಭ. ಡಚ್ ಗಣಿತಜ್ಞ ಎಡ್ಸ್‌ಗರ್ ಡೈಕ್‌ಸ್ಟ್ರಾ 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಕೆಫೆಯಲ್ಲಿ ಕಾಫಿ ಕುಡಿಯುತ್ತ ಸುಮಾರು ಇಪ್ಪತ್ತು ನಿಮಿಷದಲ್ಲಿ ಮನಸ್ಸಿನಲ್ಲೇ ಕಟ್ಟಿದ, 1959ರಲ್ಲಿ ಅಚ್ಚಾದ ಅಲ್ಗಾರಿದಮ್ ಅತಿ ಹತ್ತಿರದ ದಾರಿಯನ್ನು ಹುಡುಕಿಕೊಡುತ್ತದೆ. ಅಲ್ಲಿ ಒಬ್ಬನೇ ಒಡೆಯ, ಒಂದೇ ಅಳತೆ. ಕಡಿಮೆ ದೂರ ಯಾವುದೋ ಅದು ಮೇಲು. ‘ತಮ’ ಯಾವುದು ಎಂಬುದಕ್ಕೆ ಜಗಳವಿಲ್ಲ.

ಆದರೆ ಇಂಟರ್ನೆಟ್ ಒಂದು ಜಾಲವಲ್ಲ. ಅದು ಸಾವಿರಾರು ಸ್ವತಂತ್ರ ಜಾಲಗಳ ಒಕ್ಕೂಟ. ಅವುಗಳ ನಡುವಿನ ದಾರಿಯನ್ನು ನಿರ್ಧರಿಸುವುದು ಬಿಜಿಪಿ, ಅಂದರೆ ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್. 1989ರ ಜನವರಿಯಲ್ಲಿ ಅಮೆರಿಕದ ಆಸ್ಟಿನ್ ನಗರದ ಒಂದು ಸಭೆಯ ಊಟದ ಹೊತ್ತಿನಲ್ಲಿ ಕರ್ಕ್ ಲಾಗೀಡ್ ಮತ್ತು ಯಾಕೊವ್ ರೆಖ್ಟರ್ ಎಂಬ ಇಬ್ಬರು ಎಂಜಿನಿಯರ್‌ಗಳು ಅದರ ಮೊದಲ ಕರಡನ್ನು ಕಾಗದದ ನ್ಯಾಪ್‌ಕಿನ್‌ಗಳ ಮೇಲೆ ಗೀಚಿದರು. ಇವತ್ತು ಬಳಕೆಯಲ್ಲಿರುವುದು ಅದರ ನಾಲ್ಕನೆಯ ಆವೃತ್ತಿ. ಪ್ರತಿ ಜಾಲವೂ ತನ್ನ ಪಕ್ಕದವರಿಗೆ ‘ಈ ವಿಳಾಸಗಳಿಗೆ ನನ್ನ ಮೂಲಕ ಹೋಗಬಹುದು’ ಎಂದು ಸಾರುತ್ತದೆ. ಒಂದೇ ವಿಳಾಸಕ್ಕೆ ಹಲವರು ದಾರಿ ಹೇಳಿದಾಗ ರೂಟರ್ ಅವುಗಳನ್ನು ಹೋಲಿಸಿ ಒಂದನ್ನು ಆರಿಸಿಕೊಳ್ಳುತ್ತದೆ.

ಹೋಲಿಕೆಯ ಕ್ರಮ ಸ್ಥೂಲವಾಗಿ ಹೀಗಿದೆ. ಮೊದಲು, ಜಾಲದ ಒಡೆಯನ ಒಲವು: ಯಾವ ದಾರಿಗೆ ಅವನು ಹೆಚ್ಚು ಅಂಕ ಕೊಟ್ಟಿದ್ದಾನೋ ಅದು. ಅದು ಸಮನಾದರೆ, ಯಾವ ದಾರಿ ಕಡಿಮೆ ಜಾಲಗಳನ್ನು ದಾಟುತ್ತದೋ ಅದು. ಇಲ್ಲಿ ಎಣಿಸುವುದು ಜಾಲಗಳನ್ನು, ಕಿಲೋಮೀಟರುಗಳನ್ನಲ್ಲ; ಖಂಡದಗಲ ಹರಡಿದ ಜಾಲವೂ ಒಂದು, ಒಂದು ಜಿಲ್ಲೆಯ ಜಾಲವೂ ಒಂದು. ಅದೂ ಸಮನಾದರೆ, ಸುದ್ದಿ ಹೇಗೆ ಹುಟ್ಟಿತು ಎಂಬುದು. ಆಮೇಲೆ, ಪಕ್ಕದವರು ‘ಈ ಬಾಗಿಲಿಗೆ ಬನ್ನಿ’ ಎಂದು ಕೊಟ್ಟ ಸೂಚನೆ. ಆಮೇಲೆ, ನನ್ನೊಳಗೆ ಎಷ್ಟು ದೂರ ಸಾಗಬೇಕು ಎಂಬುದು. ಎಲ್ಲದರಲ್ಲೂ ಸಮನಾದರೆ ಕೊನೆಗೆ ರೂಟರಿನ ಗುರುತಿನ ಸಂಖ್ಯೆ ಯಾರದು ಚಿಕ್ಕದೋ ಅವರಿಗೆ ಗೆಲುವು. ಕೊನೆಯದಕ್ಕೆ ಯಾವ ಅರ್ಥವೂ ಇಲ್ಲ. ಎಲ್ಲೋ ಒಂದು ಕಡೆ ನಿಲ್ಲಬೇಕಲ್ಲ, ಅಷ್ಟೆ. ನಮ್ಮಲ್ಲಿ ಎಷ್ಟೋ ನೇಮಕಾತಿ ಪಟ್ಟಿಗಳಲ್ಲಿ ಅಂಕ ಸಮನಾದಾಗ ವಯಸ್ಸಿನಲ್ಲಿ ಹಿರಿಯರನ್ನು ಮೇಲೆ ಇಡುವ ಹಾಗೆ.

ಇದು ಅಕಾರಾದಿ ಕ್ರಮ. ಕಿಟೆಲ್‌ರ 1894ರ ನಿಘಂಟಿನಲ್ಲಿ ಎರಡು ಪದಗಳ ಪೈಕಿ ಯಾವುದು ಮೊದಲು ಎಂದು ತಿಳಿಯಲು ನಾವು ಇಡೀ ಪದ ಓದುವುದಿಲ್ಲ. ಮೊದಲ ಅಕ್ಷರ ಬೇರೆಯಾದರೆ ಅಲ್ಲಿಗೆ ತೀರ್ಮಾನ. ಸಮನಾದರೆ ಮಾತ್ರ ಎರಡನೆಯದು. ಈ ವಿಧಾನದ ವೇಗದ ಗುಟ್ಟು ಇಲ್ಲಿದೆ: ಅದು ನೋಡುವುದಕ್ಕಿಂತ ಹೆಚ್ಚಿನದನ್ನು ನೋಡದೆ ಬಿಡುತ್ತದೆ. ಹೋಲಿಕೆಯನ್ನು ಚುರುಕುಗೊಳಿಸುವ ಅಲ್ಗಾರಿದಮ್‌ಗಳೆಲ್ಲ ಬೇರೆ ಬೇರೆ ಮಾತಿನಲ್ಲಿ ಕೇಳುವುದು ಒಂದೇ ಪ್ರಶ್ನೆ: ಇನ್ನೂ ಏನನ್ನು ನೋಡದೆ ಬಿಡಬಹುದು?

ಈ ನೋಡದಿರುವಿಕೆ ಸೋಮಾರಿತನವಲ್ಲ. 2014ರ ಆಗಸ್ಟ್ 12ರಂದು ಜಗತ್ತಿನ ದಾರಿಗಳ ಪಟ್ಟಿ 5,12,000ದ ಗಡಿ ದಾಟಿದಾಗ ಅಷ್ಟು ನೆನಪಿನ ಶಕ್ತಿ ಇಲ್ಲದ ಹಳೆಯ ರೂಟರ್‌ಗಳು ಅಲ್ಲಲ್ಲಿ ತಡವರಿಸಿ ನಿಂತವು. ಈಗ ಆ ಪಟ್ಟಿ 9 ಲಕ್ಷವನ್ನು ಮೀರಿದೆ. ಎಲ್ಲವನ್ನೂ ಎಲ್ಲದರ ಜೊತೆ ಎಲ್ಲ ಗುಣಗಳಲ್ಲೂ ತೂಗುತ್ತ ಕುಳಿತರೆ ಜಾಲವೇ ನಿಂತುಹೋಗುತ್ತದೆ. ಆದ್ದರಿಂದ ನೋಡದಿರುವುದೇ ತಪ್ಪು ಎಂದು ನಾನು ಹೇಳಲಾರೆ. ಯಾವ ಕ್ರಮದಲ್ಲಿ ನೋಡದಿರುತ್ತೇವೆ, ಆ ಕ್ರಮವನ್ನು ಯಾರು ಬರೆದರು ಎಂಬಲ್ಲಿ ನೀತಿಯ ಪ್ರಶ್ನೆ ಇದೆ.

*

ಮೊದಲ ಕಾಲಂ ಒಡೆಯನ ಒಲವಿನದು ಎಂದೆ. ಆ ಒಲವು ಏನು? ಬಹುಪಾಲು ದುಡ್ಡು. ನನಗೆ ದುಡ್ಡು ಕೊಡುವ ಗಿರಾಕಿಯ ಮೂಲಕ ಹೋಗುವ ದಾರಿ ಮೊದಲು. ಕೊಡುಕೊಳ್ಳುವಿಕೆ ಇಲ್ಲದ ಸಮಾನನ ದಾರಿ ಆಮೇಲೆ. ನಾನೇ ದುಡ್ಡು ಕೊಡಬೇಕಾದ ದೊಡ್ಡವನ ದಾರಿ ಕೊನೆಗೆ. ಇದು ಬರೀ ಒಂದು ಅಂಶವಾಗಿ ಉಳಿದವುಗಳ ಜೊತೆ ತೂಗಲ್ಪಡುವುದಿಲ್ಲ. ಅಕಾರಾದಿ ಕ್ರಮದಲ್ಲಿ ಮೊದಲ ಅಕ್ಷರಕ್ಕೆ ಸರ್ವಾಧಿಕಾರ. ಒಲವಿನಲ್ಲಿ ಒಂದೇ ಒಂದು ಅಂಕ ಹೆಚ್ಚಿದ್ದರೂ ಸಾಕು, ಎರಡನೆಯ ದಾರಿ ಎಷ್ಟೇ ಹತ್ತಿರವಿದ್ದರೂ ಅದರ ಕಡೆ ಕಣ್ಣು ಹಾಯುವುದಿಲ್ಲ.

ತತ್ವಶಾಸ್ತ್ರ ಓದುವವರಿಗೆ ಈ ಆಕಾರ ಪರಿಚಿತ. ಜಾನ್ ರಾಲ್ಸ್ 1971ರ ‘ಎ ಥಿಯರಿ ಆಫ್ ಜಸ್ಟಿಸ್’ನಲ್ಲಿ ನ್ಯಾಯದ ತತ್ವಗಳನ್ನು ಜೋಡಿಸಿದ್ದೂ ನಿಘಂಟಿನ ಕ್ರಮದಲ್ಲೇ. ಮೂಲಭೂತ ಸ್ವಾತಂತ್ರ್ಯಗಳ ತತ್ವ ಮೊದಲು. ಅದು ಈಡೇರಿದ ಮೇಲೆಯೇ ಸಂಪತ್ತಿನ ಹಂಚಿಕೆಯ ಮಾತು. ಎಷ್ಟೇ ಲಾಭ ಬಂದರೂ ಅದಕ್ಕೆ ಬದಲಾಗಿ ಸ್ವಾತಂತ್ರ್ಯವನ್ನು ಮಾರುವ ಹಾಗಿಲ್ಲ. ಅಲ್ಲಿ ಮೊದಲ ಕಾಲಂನ ಸರ್ವಾಧಿಕಾರ ದುರ್ಬಲರಿಗೆ ಕೋಟೆಯಾಗಿದೆ. ರೂಟರಿನಲ್ಲಿ ಅದೇ ಸರ್ವಾಧಿಕಾರ ಗಲ್ಲಾಪೆಟ್ಟಿಗೆಯ ಕಾವಲು ಕಾಯುತ್ತದೆ. ಆಕಾರ ಎರಡರಲ್ಲೂ ಒಂದೇ. ಹಾಗಾಗಿ ‘ನಮ್ಮದು ನಿಯಮಬದ್ಧ ಆಯ್ಕೆ, ಎಲ್ಲರಿಗೂ ಒಂದೇ ನಿಯಮ’ ಎಂದು ಯಾರಾದರೂ ಹೇಳಿದರೆ ಅದು ಅರ್ಧ ಉತ್ತರ ಮಾತ್ರ. ಮೊದಲ ಕಾಲಂನಲ್ಲಿ ಏನು ಬರೆದಿದೆ ಎನ್ನುವುದು ಉಳಿದರ್ಧ.

ಕಾನೂನು ಈ ಪದವನ್ನು ಬಳಸಿದ್ದೂ ಉಂಟು. 2016ರ ಫೆಬ್ರುವರಿ 8ರಂದು ಟ್ರಾಯ್ ಹೊರಡಿಸಿದ ನಿಯಮ ಡೇಟಾ ಸೇವೆಗಳಲ್ಲಿ ತಾರತಮ್ಯದ ದರವನ್ನು ನಿಷೇಧಿಸಿತು. ಯಾವ ವಿಷಯ ನೋಡುತ್ತೀರಿ ಎಂಬುದರ ಮೇಲೆ ಬೇರೆ ಬೇರೆ ಬೆಲೆ ಹಾಕುವಂತಿಲ್ಲ ಎಂದಿತು. ಅದು ಬೆಲೆಯ ಮೇಲಿನ ನಿಯಮ. ಯಾರ ಮಾತು ಯಾವ ದಾರಿಯಲ್ಲಿ ಹೋಗಬೇಕು ಎಂಬ ಹೋಲಿಕೆ ಮೊದಲಿನ ಹಾಗೆಯೇ ಜಾಲದ ಒಡೆಯರ ಕೈಯಲ್ಲಿದೆ.

ಎರಡನೆಯ ಕಾಲಂ ಕೂಡ ನಿರಪರಾಧಿಯಲ್ಲ. ‘ಹತ್ತಿರದ ದಾರಿ’ ಎಂದಾಗ ಯಾರಿಗೆ ಹತ್ತಿರ? ಬಳ್ಳಾರಿಯಿಂದ ಸಿರುಗುಪ್ಪಕ್ಕೆ ನೇರ ಹೆದ್ದಾರಿ ಇದೆ, ತೆಕ್ಕಲಕೋಟೆಯ ಮೇಲೆ ಹಾಯ್ದು ಹೋಗುತ್ತದೆ. ಕುರುಗೋಡನ್ನು ಮುಟ್ಟಿಕೊಂಡು ಹೋಗುವುದು ಸುತ್ತು. ಬಳ್ಳಾರಿಯಲ್ಲಿ ಹತ್ತಿ ಸಿರುಗುಪ್ಪದಲ್ಲಿ ಇಳಿಯುವವರಿಗೆ ಕುರುಗೋಡಿನ ಮೇಲೆ ಹೋಗುವ ಬಸ್ಸು ಸಮಯ ಹಾಳು. ನಡುವಿನ ಹಳ್ಳಿಯಿಂದ ಕಾಲೇಜಿಗೆ ಹೋಗುವ ಹುಡುಗಿಗೆ ಅದು ಸುತ್ತಲ್ಲ, ಅದೊಂದೇ ದಾರಿ. ಆ ಬಸ್ಸನ್ನು ‘ದಕ್ಷತೆ’ಗಾಗಿ ನಿಲ್ಲಿಸಿದರೆ ಲೆಕ್ಕದಲ್ಲಿ ನಿಮಿಷಗಳು ಉಳಿಯುತ್ತವೆ, ಅವಳ ಓದು ನಿಲ್ಲುತ್ತದೆ. ದಾರಿಯ ಎರಡು ತುದಿಗಳನ್ನು ಮಾತ್ರ ನೋಡುವ ಹೋಲಿಕೆಗೆ ದಾರಿಯ ಮೇಲೆ ಬದುಕುವವರು ಕಾಣುವುದಿಲ್ಲ.

*

ಈಗ ಸ್ವಲ್ಪ ಕಷ್ಟದ ವಿಷಯಕ್ಕೆ ಬರುತ್ತೇನೆ. ಈ ವಿಷಯದಲ್ಲಿ ನನ್ನನ್ನು ಬಹುಕಾಲದಿಂದ ಕಾಡಿರುವುದು ಇದೇ.

ಪಕ್ಕದವರು ‘ಈ ಬಾಗಿಲಿಗೆ ಬನ್ನಿ’ ಎಂದು ಕೊಡುವ ಸೂಚನೆಗೆ ಬಿಜಿಪಿಯಲ್ಲಿ ಮೆಡ್ ಎಂದು ಹೆಸರು. ಅದೊಂದು ಸಂಖ್ಯೆ, ಚಿಕ್ಕದಿದ್ದಷ್ಟೂ ಒಳ್ಳೆಯದು. ಆದರೆ ಒಬ್ಬ ನೆರೆಯವನ ಸಂಖ್ಯೆಗಳನ್ನು ಅವನದೇ ಇನ್ನೊಂದು ಸಂಖ್ಯೆಯ ಜೊತೆ ಮಾತ್ರ ಹೋಲಿಸಬಹುದು. ಬೇರೆ ನೆರೆಯವನ ಸಂಖ್ಯೆಯ ಜೊತೆ ಹೋಲಿಸಿದರೆ ಅರ್ಥವಿಲ್ಲ, ಏಕೆಂದರೆ ಇಬ್ಬರೂ ಬೇರೆ ಬೇರೆ ಅಳತೆಗೋಲು ಹಿಡಿದಿದ್ದಾರೆ. ಇದು ಬಹಳ ನ್ಯಾಯವಾದ ನಿಯಮದಂತೆ ಕಾಣುತ್ತದೆ. ಇದರಿಂದ ಏನಾಗುತ್ತದೆ ನೋಡಿ.

ಕುರುಗೋಡಿನಿಂದ ಭತ್ತ ತುಂಬಿದ ಲಾರಿಯೊಂದು ಸಿರುಗುಪ್ಪದ ಕಡೆ ಹೊರಟಿದೆ ಎಂದುಕೊಳ್ಳಿ. ಒಬ್ಬ ಗಿರಣಿ ಮಾಲೀಕನಿಗೆ ಎರಡು ಗೋದಾಮುಗಳಿವೆ. ಒಂದು ಹತ್ತಿರ, ಒಂದು ದೂರ. ‘ನಮಗೆ ದೂರದ ಗೋದಾಮಿಗೆ ತಂದರೆ ಅನುಕೂಲ’ ಎಂದಿದ್ದಾನೆ ಅವನು. ಎರಡೂ ಗೋದಾಮುಗಳ ನಡುವಿನ ದೂರದಲ್ಲಿ ಇನ್ನೊಬ್ಬ ಮಾಲೀಕನ ಗಿರಣಿ ಇದೆ. ಬೆಲೆ ಎಲ್ಲ ಕಡೆ ಒಂದೇ. ಚಾಲಕನ ನಿಯಮ ಸರಳ: ಒಬ್ಬನೇ ಮಾಲೀಕನ ಎರಡು ಜಾಗಗಳಾದರೆ ಅವನ ಮಾತು ಕೇಳು, ಬೇರೆ ಬೇರೆ ಮಾಲೀಕರಾದರೆ ಹತ್ತಿರದ್ದಕ್ಕೆ ಹೋಗು. ಹತ್ತಿರದ ಗೋದಾಮು ಮತ್ತು ನಡುವಿನ ಗಿರಣಿಯಲ್ಲಿ ಯಾವುದು ಮೇಲು? ಹತ್ತಿರದ ಗೋದಾಮು. ನಡುವಿನ ಗಿರಣಿ ಮತ್ತು ದೂರದ ಗೋದಾಮಿನಲ್ಲಿ? ನಡುವಿನ ಗಿರಣಿ. ಹಾಗಾದರೆ ಹತ್ತಿರದ ಗೋದಾಮು ದೂರದ್ದಕ್ಕಿಂತ ಮೇಲಿರಬೇಕಲ್ಲವೇ? ಇಲ್ಲ, ಅವೆರಡೂ ಒಬ್ಬನದೇ. ಅವನು ದೂರದ್ದಕ್ಕೆ ಬಾ ಎಂದಿದ್ದಾನೆ. ಮೂರು ಹೋಲಿಕೆಗಳೂ ಒಂದೊಂದಾಗಿ ನ್ಯಾಯವಾಗಿವೆ. ಮೂರೂ ಸೇರಿದರೆ ಸುತ್ತು ಬೀಳುತ್ತದೆ. ಇಲ್ಲಿ ‘ತರ’ ಇದೆ, ‘ತಮ’ ಇಲ್ಲ.

ಈಗ ರೂಟರ್ ಬೇಗ ಮುಗಿಸಬೇಕೆಂದು ಎರಡೆರಡಾಗಿ ಹೋಲಿಸುತ್ತ, ಗೆದ್ದದ್ದನ್ನು ಮುಂದಿನದರ ಜೊತೆ ಹೋಲಿಸುತ್ತ ಹೋದರೆ, ಮೂರರಲ್ಲಿ ಯಾವುದು ಬೇಕಾದರೂ ಗೆಲ್ಲಬಹುದು. ಹತ್ತಿರದ್ದು ಕೊನೆಗೆ ಬಂದರೆ ಹತ್ತಿರದ್ದು, ದೂರದ್ದು ಕೊನೆಗೆ ಬಂದರೆ ದೂರದ್ದು, ನಡುವಿನದು ಕೊನೆಗೆ ಬಂದರೆ ನಡುವಿನದು. ಫಲಿತಾಂಶವನ್ನು ಬರೆಯುವುದು ಗುಣವಲ್ಲ, ಸುದ್ದಿ ಬಂದ ಸರದಿ. ಎಂಜಿನಿಯರ್‌ಗಳಿಗೆ ಇದು ಗೊತ್ತಿರುವ ರೋಗ. ಇದರಿಂದ ಜಾಲದ ಭಾಗಗಳು ಒಂದು ದಾರಿಯಿಂದ ಇನ್ನೊಂದಕ್ಕೆ ಎಂದೆಂದಿಗೂ ತೂಗಾಡುತ್ತ ಉಳಿಯಬಹುದೆಂದು 2002ರಲ್ಲೇ ದಾಖಲಾಗಿದೆ. ಒಂದು ಮದ್ದು, ಮೊದಲು ಒಬ್ಬೊಬ್ಬ ನೆರೆಯವನ ದಾರಿಗಳನ್ನು ಒಂದು ಗುಂಪು ಮಾಡಿ ಒಳಗೊಳಗೆ ಹೋಲಿಸುವುದು, ಆಮೇಲೆ ಗುಂಪುಗಳ ಗೆದ್ದವರನ್ನು ಹೋಲಿಸುವುದು. ಹಾಗೆ ಮಾಡಿದರೆ ಮಾಲೀಕನ ಮಾತಿನಂತೆ ದೂರದ ಗೋದಾಮು ಗುಂಪಿನಲ್ಲಿ ಗೆಲ್ಲುತ್ತದೆ, ಆಮೇಲೆ ಹತ್ತಿರವಿರುವ ನಡುವಿನ ಗಿರಣಿಗೆ ಸೋಲುತ್ತದೆ. ಸರದಿ ಏನೇ ಇದ್ದರೂ ಉತ್ತರ ಒಂದೇ. ಕೆಲಸ ಸ್ವಲ್ಪ ಹೆಚ್ಚು. ಒಂದು ರೂಟರಿನೊಳಗಿನ ಸರದಿಯ ಅನ್ಯಾಯಕ್ಕೆ ಇದು ಸಾಕು. ಜಾಲದುದ್ದಕ್ಕೂ ನಡೆಯುವ ತೂಗಾಟವನ್ನು ನಿಲ್ಲಿಸಲು ಇದೊಂದೇ ಸಾಲದು.

ಮತದಾನದಲ್ಲಿ ಇಂಥದೇ ಸುತ್ತನ್ನು ಫ್ರೆಂಚ್ ಚಿಂತಕ ಕಾಂಡೋರ್ಸೆ 1785ರಲ್ಲೇ ತೋರಿಸಿದ್ದ. ಬಹುಮತ ಕ ಎಂಬವನನ್ನು ಖ ಎಂಬವನಿಗಿಂತ, ಖ ಎಂಬವನನ್ನು ಗ ಎಂಬವನಿಗಿಂತ, ಆದರೂ ಗ ಎಂಬವನನ್ನು ಕ ಎಂಬವನಿಗಿಂತ ಮೆಚ್ಚಬಹುದು. ಇದರಿಂದ ಏಳುವ ನೀತಿಯ ಪ್ರಶ್ನೆ ಬಹಳ ದಿನನಿತ್ಯದ್ದು. ಬೇರೆ ಬೇರೆ ಮಂಡಳಿಗಳ ಅಂಕ, ಬೇರೆ ಬೇರೆ ವಿಶ್ವವಿದ್ಯಾಲಯಗಳ ಗ್ರೇಡು, ಕನ್ನಡ ಶಾಲೆಯಲ್ಲಿ ಓದಿದವರ ಸಂದರ್ಶನ ಮತ್ತು ಇಂಗ್ಲಿಷಿನಲ್ಲಿ ಓದಿದವರ ಸಂದರ್ಶನ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಸಂಖ್ಯೆ ಇದೆಯಲ್ಲ ಎಂಬ ಒಂದೇ ಕಾರಣಕ್ಕೆ ಹೋಲಿಸುತ್ತೇವೆ. ಸಂಖ್ಯೆಗಳು ಪಕ್ಕಪಕ್ಕ ಕೂತಾಕ್ಷಣ ಅವು ಒಂದೇ ಅಳತೆಗೋಲಿನಿಂದ ಬಂದವು ಎಂದು ಕಣ್ಣು ನಂಬಿಬಿಡುತ್ತದೆ. ಆ ವಿಷಯದಲ್ಲಿ ಬಿಜಿಪಿ ನಮಗಿಂತ ಪ್ರಾಮಾಣಿಕ. ‘ಈ ಎರಡು ಸಂಖ್ಯೆಗಳನ್ನು ಹೋಲಿಸಬೇಡ’ ಎಂದು ಅದರ ನಿಯಮದಲ್ಲೇ ಬರೆದಿದೆ. ಆ ಪ್ರಾಮಾಣಿಕತೆಗೆ ಅದು ಬೆಲೆ ತೆತ್ತಿದೆ.

ಅಮರ್ತ್ಯ ಸೇನ್ ಒಂದು ಸೂಕ್ಷ್ಮ ವ್ಯತ್ಯಾಸವನ್ನು ಒತ್ತಿ ಹೇಳುತ್ತಾರೆ. ‘ಇದು ಎಲ್ಲದಕ್ಕಿಂತ ಮೇಲು’ ಎನ್ನುವುದು ಒಂದು. ‘ಇದಕ್ಕಿಂತ ಮೇಲಾದದ್ದು ಇನ್ನೊಂದಿಲ್ಲ’ ಎನ್ನುವುದು ಇನ್ನೊಂದು. ಹೋಲಿಸಲಾಗದ ಎರಡರ ನಡುವೆ ಎರಡನೆಯ ಮಾತನ್ನಷ್ಟೇ ಹೇಳಬಹುದು. ಆರಿಸಲೇಬೇಕಾದಾಗ ಅಷ್ಟು ಸಾಕು. ಆದರೆ ಹಾಗೆ ಆರಿಸಿದ ಮೇಲೆ ಗೆದ್ದವರಿಗೆ ‘ನೀನೇ ಶ್ರೇಷ್ಠ’ ಎಂದೂ, ಬಿಟ್ಟುಹೋದವರಿಗೆ ‘ನೀನು ಕೀಳು’ ಎಂದೂ ಹೇಳುವ ಹಕ್ಕು ನಮಗೆ ಉಳಿಯುವುದಿಲ್ಲ. ಆಯ್ಕೆಯನ್ನು ತೀರ್ಪು ಎಂದು ಕರೆಯುವುದೇ ತಾರತಮ್ಯ ಅನ್ಯಾಯವಾಗುವ ಒಂದು ಬಾಗಿಲು ಎಂದು ನನಗೆ ತೋರುತ್ತದೆ.

*

ಪ್ರತಿಯೊಬ್ಬರೂ ತಂತಮ್ಮ ಒಲವಿನಂತೆ ಆರಿಸಿದರೆ ಇಡೀ ಇಂಟರ್ನೆಟ್ ಹೀಗೆ ತೂಗಾಡುತ್ತಲೇ ಇರಬೇಕಿತ್ತು. ಬಹುಪಾಲು ಹಾಗಾಗುವುದಿಲ್ಲ, ಏಕೆ? 2001ರಲ್ಲಿ ಲಿಕ್ಸಿನ್ ಗಾವ್ ಮತ್ತು ಜೆನಿಫರ್ ರೆಕ್ಸ್‌ಫರ್ಡ್ ಇದಕ್ಕೆ ಒಂದು ಸುಂದರವಾದ ಉತ್ತರ ಕೊಟ್ಟರು. ಎಲ್ಲರೂ ಗಿರಾಕಿಯ ದಾರಿಯನ್ನು ಮೊದಲು ಇಟ್ಟು, ಯಾರಿಗೆ ಯಾವ ದಾರಿಯನ್ನು ಸಾರಬೇಕು ಎಂಬ ವ್ಯಾಪಾರದ ರೂಢಿಯನ್ನು ಪಾಲಿಸಿ, ಯಾರು ಯಾರಿಗೆ ದುಡ್ಡು ಕೊಡುತ್ತಾರೆ ಎಂಬ ಏಣಿಯಲ್ಲಿ ಸುತ್ತು ಇಲ್ಲದಿದ್ದರೆ, ಜಾಲ ಖಂಡಿತ ಒಂದು ನೆಲೆಗೆ ಬಂದು ನಿಲ್ಲುತ್ತದೆ. ಅಂದರ್ಥ, ಎಲ್ಲರಿಗೂ ತಮ್ಮ ಮೇಲೆ ಯಾರು, ಕೆಳಗೆ ಯಾರು ಎಂದು ಗೊತ್ತಿದ್ದರೆ ಶಾಂತಿ ನೆಲೆಸುತ್ತದೆ.

ಈ ಸಿದ್ಧಾಂತವನ್ನು ಗಣಿತವಾಗಿ ಓದಿದಾಗ ಸಂತೋಷವಾಗುತ್ತದೆ. ಈ ನೆಲದಲ್ಲಿ ಕೂತು ಓದಿದಾಗ ಮೈ ಜುಮ್ಮೆನ್ನುತ್ತದೆ. ಅಂಬೇಡ್ಕರ್ ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದದ್ದು, ನಡುವಿನ ಮೆಟ್ಟಿಲಿನವರಿಗೆ ತಮಗಿಂತ ಕೆಳಗೆ ಇನ್ನೊಬ್ಬರು ಇರುವುದರಿಂದಲೇ ಆ ಏಣಿ ಬೀಳದೆ ನಿಂತಿದೆ ಎಂದು ವಿವರಿಸಿದ್ದು ನೆನಪಾಗುತ್ತದೆ. ಏಣಿಗೆ ಸ್ಥಿರತೆ ಇದೆ ಎನ್ನುವುದು ನಿಜ. ಅದನ್ನೇ ಏಣಿಯ ಸಮರ್ಥನೆ ಎಂದು ತಿರುಗಿಸುವವರು ಯಾವಾಗಲೂ ಇದ್ದಾರೆ: ‘ಎಲ್ಲರೂ ಅವರವರ ಜಾಗದಲ್ಲಿ ಇದ್ದಾಗ ಊರು ನೆಮ್ಮದಿಯಾಗಿತ್ತು.’

ಆದರೆ ಆ ಪ್ರಮೇಯವನ್ನೇ ಸರಿಯಾಗಿ ಓದಬೇಕು. ಏಣಿ ಇದ್ದರೆ ಶಾಂತಿ ಇರುತ್ತದೆ ಎಂದು ಅದು ಹೇಳುತ್ತದೆ. ಶಾಂತಿಗೆ ಏಣಿ ಬೇಕೇ ಬೇಕು ಎಂದು ಹೇಳುವುದಿಲ್ಲ. ತರ್ಕದಲ್ಲಿ ಇವು ಬೇರೆ ಬೇರೆ ಮಾತುಗಳು. ಒಂದು ಸಾಕಾಗುವ ಕಾರಣ, ಇನ್ನೊಂದು ಬಿಡಲಾಗದ ಕಾರಣ. ಮೊದಲನೆಯದನ್ನು ಎರಡನೆಯದೆಂದು ತೋರಿಸಿ ಎಷ್ಟೋ ಅನ್ಯಾಯಗಳು ಬಾಳಿಬದುಕಿವೆ.

*

ಇಲ್ಲಿಯವರೆಗೆ ಯಂತ್ರವನ್ನು ದೂರಿದ್ದೇ ಹೆಚ್ಚಾಯಿತು. ಅದರಿಂದ ಕಲಿಯಬೇಕಾದ ಒಂದು ಗುಣವಿದೆ. ರೂಟರ್ ಸೋತ ದಾರಿಯನ್ನು ಅಳಿಸುವುದಿಲ್ಲ. ಪ್ರತಿ ನೆರೆಯವನಿಂದ ಕೇಳಿದ್ದನ್ನೂ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಗೆದ್ದ ದಾರಿ ನಾಳೆ ಕಡಿದುಹೋದರೆ, ಹೊಸದಾಗಿ ಬೇಡಿಕೊಳ್ಳದೆ, ನೆನಪಿನಲ್ಲಿದ್ದವುಗಳನ್ನು ಮತ್ತೆ ಹೋಲಿಸಿ ಇನ್ನೊಂದನ್ನು ಎತ್ತಿಕೊಳ್ಳುತ್ತದೆ. ಅದರ ‘ಶ್ರೇಷ್ಠ’ ಎನ್ನುವ ಮಾತಿಗೆ ‘ಸದ್ಯಕ್ಕೆ’ ಎಂಬ ಪದ ಯಾವಾಗಲೂ ಅಂಟಿಕೊಂಡಿದೆ. ನಮ್ಮ ಪಟ್ಟಿಗಳಲ್ಲಿ ಇದು ಅಪರೂಪ. ಹದಿನೇಳರ ವಯಸ್ಸಿನಲ್ಲಿ ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದವರನ್ನು ನಾವು ಮತ್ತೊಮ್ಮೆ ಹೋಲಿಕೆಗೆ ಕರೆಯುವುದೇ ಇಲ್ಲ.

ಅದರ ಕೊರತೆಯೂ ಇಲ್ಲೇ ಇದೆ. ತನಗೆ ಹಲವು ದಾರಿ ಗೊತ್ತಿದ್ದರೂ ಪಕ್ಕದವರಿಗೆ ಅದು ಹೇಳುವುದು ಗೆದ್ದ ಒಂದನ್ನು ಮಾತ್ರ. ಇನ್ನೊಂದು ದಾರಿ ಇತ್ತು ಎಂಬ ಸುದ್ದಿಯೇ ಮುಂದಿನವರಿಗೆ ಹೋಗುವುದಿಲ್ಲ. 2016ರಲ್ಲಿ ಒಂದಕ್ಕಿಂತ ಹೆಚ್ಚು ದಾರಿಗಳನ್ನು ಸಾರಲು ಅವಕಾಶ ಕೊಡುವ ಹೊಸ ಮಾನಕ ಬಂತು. ಅದಕ್ಕೆ ಹೆಚ್ಚು ನೆನಪು ಬೇಕು, ಹೆಚ್ಚು ಮಾತು ಬೇಕು. ಮೇಲೆ ಹೇಳಿದ ತೂಗಾಟಕ್ಕೂ ಅದೇ ಒಂದು ಮದ್ದು. ಅಂದರೆ ಅನ್ಯಾಯವಾದ ಹೋಲಿಕೆಯಿಂದ ಹುಟ್ಟಿದ ಅಶಾಂತಿಯನ್ನು ಹೆಚ್ಚು ನೆನಪಿಟ್ಟುಕೊಳ್ಳುವುದರಿಂದಲೂ ಗುಣಪಡಿಸಬಹುದು, ಏಣಿಯೊಂದೇ ದಾರಿಯಲ್ಲ.

ಹೀಗಾಗಿ ಯಾವುದೇ ಆಯ್ಕೆಯ ಪಟ್ಟಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಬಹುದೆಂದು ನನಗನ್ನಿಸುತ್ತದೆ. ಮೊದಲ ಕಾಲಂನಲ್ಲಿ ಏನಿದೆ, ಅದನ್ನು ಬಹಿರಂಗವಾಗಿ ಹೇಳಿದ್ದಾರೆಯೇ? ಬೇರೆ ಬೇರೆ ಅಳತೆಗೋಲಿನ ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಕೂಡಿಸಿದ್ದಾರೆಯೇ? ಸೋತವರನ್ನು ಎಲ್ಲಿ ಇಟ್ಟಿದ್ದಾರೆ, ಮತ್ತೆ ಕರೆಯುತ್ತಾರೆಯೇ? ಮೂರಕ್ಕೂ ಒಳ್ಳೆಯ ಉತ್ತರವಿದ್ದರೆ ಬೇಗ ಹೋಲಿಸುವುದರಲ್ಲಿ ತಪ್ಪಿಲ್ಲ; ಅದು ವಿವೇಕದ ತಾರತಮ್ಯ. ಇಲ್ಲದಿದ್ದರೆ ಎಷ್ಟು ನಿಧಾನವಾಗಿ, ಎಷ್ಟು ಸಭೆ ಸೇರಿ ಹೋಲಿಸಿದರೂ ಅದು ಇನ್ನೊಂದು ತಾರತಮ್ಯವೇ. ವೇಗ ಇಲ್ಲಿ ಅಪರಾಧಿಯಲ್ಲ. ನೋಡದೆ ಬಿಟ್ಟದ್ದಕ್ಕೆ ಯಾರೂ ಹೊಣೆ ಹೊರದಿರುವುದು ಅಪರಾಧ.

ಈ ಹೊಣೆಗೆ ಖರ್ಚಿದೆ, ಅದನ್ನೂ ಹೇಳಿಬಿಡಬೇಕು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಂದು ಮೂರು ಚುಕ್ಕೆ ಇಡಿ. ಮೂರನ್ನೂ ಕೂಡಿಸಲು ಎರಡು ಗೆರೆ ಸಾಕು: ಬಳ್ಳಾರಿಯಿಂದ ಒಂದು ಸಿರುಗುಪ್ಪಕ್ಕೆ, ಒಂದು ಕುರುಗೋಡಿಗೆ. ಕಡಿಮೆ ಕೇಬಲ್, ಕಡಿಮೆ ದುಡ್ಡು. ದಕ್ಷತೆಯ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಗ್ರಾಮ ಪಂಚಾಯಿತಿಗಳಿಗೆ ಕೇಬಲ್ ಎಳೆಯಲು 2011ರಲ್ಲಿ ಒಪ್ಪಿಗೆ ಪಡೆದು, ಆಮೇಲೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯೂ ಮೊದಲು ಹೆಚ್ಚಾಗಿ ಹೀಗೆಯೇ ಕೊಂಬೆಯಿಂದ ಕೊಂಬೆಗೆ ಸಾಗಿತು. ಕೊಂಬೆ ಕಡಿದರೆ ಆಚೆಗಿನ ಎಲೆಗಳೆಲ್ಲ ಒಣಗಿದವು. 2023ರಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿಯಲ್ಲಿ ಕೊಂಬೆಯ ಬದಲು ಉಂಗುರದ ಆಕಾರ ಬಂತು. ಉಂಗುರಕ್ಕೆ ಒಂದು ಗೆರೆ ಹೆಚ್ಚು ಬೇಕು. ನಮ್ಮ ಮೂರು ಚುಕ್ಕೆಗಳಲ್ಲಿ ಆ ಹೆಚ್ಚಿನ ಗೆರೆ ಸಿರುಗುಪ್ಪದಿಂದ ಕುರುಗೋಡಿಗೆ ಹೋಗುತ್ತದೆ. ಎಲ್ಲ ಸರಿಯಿದ್ದ ದಿನ ಅದು ದಂಡವೆಂದೇ ಕಾಣುತ್ತದೆ. ಯಾವ ಹೋಲಿಕೆಯಲ್ಲೂ ಅದು ಗೆಲ್ಲುವುದಿಲ್ಲ. ಕೇಬಲ್ ಕಡಿದ ದಿನ ಸಾಲಿನಲ್ಲಿ ನಿಂತವರಿಗೆ ಅದೊಂದೇ ದಾರಿ. ಆ ಗೆರೆಯ ಖರ್ಚನ್ನು ಯಾವ ಕಾಲಂನಲ್ಲಿ ಬರೆಯಬೇಕು ಎಂದು ಅಲ್ಗಾರಿದಮ್ ಹೇಳಲಾರದು. ಅದನ್ನು ಬರೆಯಬೇಕಾದವರು ನಾವು.